ಜಾಕಿ ಎತ್ತೋದಕ್ಕೆ, ಹೊತ್ತು ನಿಲ್ಲೋದಕ್ಕಲ್ಲ

ಸಂಪಾದಕರಿಗೆ ನಮಸ್ಕಾರ.

ಹಳೆ ಕಾರುಗಳನ್ನು ಮನೆ ಮುಂದೆಯೇ ಬಿಚ್ಚಿ ಜೋಡಿಸುವ ಬೆಂಗಳೂರಿನ ಹುಡುಗರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಕೈಗೆ ಗ್ರೀಸ್ ಹತ್ತುವ ಕೆಲಸದ ಬಗ್ಗೆ ಇಷ್ಟು ಪ್ರೀತಿಯಿಂದ ಬರೆದದ್ದನ್ನು ಕನ್ನಡದಲ್ಲಿ ಓದಿ ತುಂಬಾ ದಿನ ಆಗಿತ್ತು. ಬರೆದವರಿಗೆ ನನ್ನ ಮೆಚ್ಚುಗೆ ತಿಳಿಸಿ.

ಈ ಪತ್ರ ಬರೆಯಲು ಕಾರಣ ಲೇಖನದ ಜೊತೆ ಹಾಕಿದ ಫೋಟೊ. ಒಬ್ಬ ಹುಡುಗ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದಾನೆ. ಸೊಂಟದಿಂದ ಮೇಲೆ ಪೂರ್ತಿ ಒಳಗಿದ್ದಾನೆ. ಹೊರಗೆ ಕಾಣುವುದು ಜೀನ್ಸ್ ಪ್ಯಾಂಟು, ಹವಾಯಿ ಚಪ್ಪಲಿ, ಪಕ್ಕದಲ್ಲಿ ಒಂದು ಟೀ ಲೋಟ. ಮುಂದಿನ ಎರಡು ಚಕ್ರ ಬಿಚ್ಚಿವೆ. ಕಾರನ್ನು ಹೊತ್ತಿರುವುದು ಕೆಂಪು ಬಣ್ಣದ ಒಂದೇ ಒಂದು ಟ್ರಾಲಿ ಜಾಕಿ. ಫೋಟೊವನ್ನು ದೊಡ್ಡದು ಮಾಡಿ ಮೂಲೆ ಮೂಲೆ ಹುಡುಕಿದೆ. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಸ್ಟ್ಯಾಂಡ್ ಇಲ್ಲ. ಮರದ ತುಂಡು ಇಲ್ಲ. ಬಿಚ್ಚಿದ ಚಕ್ರವನ್ನಾದರೂ ಅಡಿಗೆ ತಳ್ಳಬಹುದಿತ್ತು, ಅದೂ ಗೋಡೆಗೆ ಒರಗಿ ನಿಂತಿದೆ. ನೋಡಿ ಎದೆ ಧಸಕ್ ಅಂತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮಾರನೇ ದಿನವೇ ಬರೆಯಲು ಕೂತೆ.

ನಾನು ಹರಿಹರದವನು. ಡಿಪ್ಲೊಮಾ ಮುಗಿಸಿ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯ ಟೂಲ್ ರೂಮಿನಲ್ಲಿ ಒಂಬತ್ತು ವರ್ಷ ಇದ್ದೆ. 1998ರಲ್ಲಿ ಅಮೆರಿಕಕ್ಕೆ ಬಂದೆ. ಸಿಯಾಟಲ್ ಪಕ್ಕದ ಕೆಂಟ್ ಎಂಬ ಊರಿನಲ್ಲಿ ಮನೆ. ವಿಮಾನದ ಬಿಡಿಭಾಗ ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ. ಮನೆಯ ಗ್ಯಾರೇಜಿನಲ್ಲಿ 1982ರ ಪೋರ್ಷೆ 911 ಎಸ್‌ಸಿ ಇದೆ. ಎಂಜಿನ್ ಹಿಂದೆ, ಡಿಕ್ಕಿ ಮುಂದೆ ಇರುವ ಕಾರು. ರೇಡಿಯೇಟರ್ ಇಲ್ಲ, ನೀರಿಲ್ಲ. ನಮ್ಮ ಬುಲೆಟ್ ಬೈಕಿನ ಹಾಗೆ ಗಾಳಿಯಿಂದಲೇ ತಣ್ಣಗಾಗುವ ಎಂಜಿನ್. ಗಾಳಿ ಊದಲು ದೊಡ್ಡ ಫ್ಯಾನ್ ಇದೆ, ಉಳಿದ ಬಿಸಿಯನ್ನು ಎಂಜಿನ್ ಆಯಿಲ್ ಹೊತ್ತೊಯ್ಯುತ್ತದೆ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಈ ಕಾರನ್ನು ಮೊದಲು ತೋರಿಸಿದರು. ಆಗ ಅದರ ಹೆಸರು 901. ಮಧ್ಯೆ ಸೊನ್ನೆ ಇರುವ ಮೂರಂಕಿ ಹೆಸರು ನಮ್ಮದು ಎಂದು ಫ್ರಾನ್ಸಿನ ಪೂಜೊ ಕಾರು ಕಂಪನಿ ತಕರಾರು ತೆಗೆದ ಮೇಲೆ 911 ಆಯಿತು. ಗಾಳಿ ಎಂಜಿನ್ನಿನ 911 ನಿಂತದ್ದು 1998ರಲ್ಲಿ, ನಾನು ಈ ದೇಶಕ್ಕೆ ಬಂದ ವರ್ಷವೇ. ನನ್ನ ಕೈಗೆ ಇದು ಸಿಕ್ಕಿದ್ದು 2014ರಲ್ಲಿ.

ಇದರ ಎಂಜಿನ್ನನ್ನು ನಾನೇ ಮನೆಯಲ್ಲಿ ಇಳಿಸಿದ್ದೇನೆ. ಅದಕ್ಕೇ ನಿಮಗೆ ಬರೆಯುವ ಧೈರ್ಯ. ಮನೆಯಲ್ಲಿ ಈ ಕೆಲಸ ಮಾಡಬೇಡಿ ಎಂದು ಆ ಹುಡುಗನಿಗೆ ನಾನು ಹೇಳುವುದಿಲ್ಲ. ಖಂಡಿತ ಮಾಡಲಿ. ಆದರೆ ಹಾಗೆ ಮಲಗಿ ಅಲ್ಲ.

ಮೊದಲು ಹರಿಹರದ ಮಾತು. ಪಿ.ಬಿ. ರಸ್ತೆಯಲ್ಲಿ ನನ್ನ ಸೋದರಮಾವನ ಗ್ಯಾರೇಜ್ ಇತ್ತು. ಲಾರಿ, ಟ್ರ್ಯಾಕ್ಟರ್, ಅಂಬಾಸಿಡರ್ ಟ್ಯಾಕ್ಸಿ ಎಲ್ಲಾ ಬರುತ್ತಿದ್ದವು. ಶಾಲೆ ಬಿಟ್ಟ ಕೂಡಲೇ ನಾನು ಅಲ್ಲಿಗೇ ಓಡುತ್ತಿದ್ದೆ. 1979ರ ಬೇಸಿಗೆ. ನನಗಿಂತ ಎರಡು ವರ್ಷ ದೊಡ್ಡ ಹುಡುಗನೊಬ್ಬ ಅಲ್ಲಿ ಕೆಲಸ ಕಲಿಯುತ್ತಿದ್ದ. ಒಂದು ಅಂಬಾಸಿಡರನ್ನು ಹಿಂದಿನಿಂದ ಜಾಕಿ ಕೊಟ್ಟು ಎತ್ತಿ ಕೆಳಗೆ ತೂರಿದ್ದ. ಕಾರಿನ ಡ್ರೈವರ್ ಬಂದು, ಬೀಡಿ ಕಟ್ಟು ಮರೆತಿದ್ದೆ ಅಂತ ಬಾಗಿಲು ತೆಗೆದು ಸೀಟಿನ ಮೇಲೆ ಕೂತ. ಅಷ್ಟೇ. ಕಾರು ಒಂದು ಮಗ್ಗುಲಿಗೆ ವಾಲಿತು, ಜಾಕಿ ಪಕ್ಕಕ್ಕೆ ಚಿಮ್ಮಿತು. ಐದಾರು ಜನ ಸೇರಿ ಕೈಯಲ್ಲೇ ಕಾರೆತ್ತಿದರು. ಹುಡುಗ ಬದುಕಿದ. ಆದರೆ ಬಲಗೈ ಹೆಗಲಿಗಿಂತ ಮೇಲೆ ಏಳಲೇ ಇಲ್ಲ. ಮತ್ತೆ ಅವನು ಗ್ಯಾರೇಜಿಗೆ ಬರಲಿಲ್ಲ.

ಅದಾದ ಒಂದೇ ವಾರಕ್ಕೆ ಮಾವ ದಪ್ಪ ಪೈಪು ಕತ್ತರಿಸಿ, ಅಡಿಗೆ ಅಗಲ ಪ್ಲೇಟು ವೆಲ್ಡ್ ಮಾಡಿಸಿ ನಾಲ್ಕು ಸ್ಟ್ಯಾಂಡ್ ತಂದರು. ಗ್ಯಾರೇಜಿನಲ್ಲಿ ಅವಕ್ಕೆ ಘೋಡಿ ಅಂತಿದ್ದೆವು. ಘೋಡಿ ಇಡದೆ ಯಾರಾದರೂ ಕೆಳಗೆ ಹೋದರೆ ಮಾವ ಕಾಲು ಹಿಡಿದು ಹೊರಗೆ ಎಳೆಯುತ್ತಿದ್ದರು. "ಜಾಕಿ ಇರೋದು ಎತ್ತಾಕ, ಹೊತ್ಕಂಡು ನಿಲ್ಲಾಕಲ್ಲ" ಎನ್ನುತ್ತಿದ್ದರು. ಈ ಮಾತು ನನ್ನ ಗ್ಯಾರೇಜಿನ ಗೋಡೆಯ ಮೇಲೆ ಇವತ್ತಿಗೂ ಕನ್ನಡದಲ್ಲೇ ಬರೆದಿದೆ.

ಈಗ ನನ್ನ ಕಾರಿನ ವಿಷಯ. 2021ರ ಅಕ್ಟೋಬರ್. ಗೇರ್ ಬೀಳುವುದು ನಿಂತಿತ್ತು. ಕ್ಲಚ್ ಒತ್ತಿದರೂ ಬಿಡುತ್ತಿರಲಿಲ್ಲ. ಎಸ್‌ಸಿ ಮಾಡೆಲ್ಲಿನ ಕ್ಲಚ್ ಪ್ಲೇಟಿನ ನಡುವೆ ಸ್ಪ್ರಿಂಗ್ ಬದಲು ರಬ್ಬರ್ ಇರುತ್ತದೆ. ವಯಸ್ಸಾದ ಮೇಲೆ ಆ ರಬ್ಬರ್ ಪುಡಿಯಾಗುತ್ತದೆ. ಇದು ಈ ಕಾರಿನವರಿಗೆಲ್ಲ ಗೊತ್ತಿರುವ ಕಾಯಿಲೆ. ಬೇರೆ ಕಾರಿನಲ್ಲಾದರೆ ಗೇರ್‌ಬಾಕ್ಸ್ ಮಾತ್ರ ಬಿಚ್ಚಿದರೆ ಆಯಿತು. ಇದರಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಒಟ್ಟಿಗೆ ಕೆಳಗೆ ಬರಬೇಕು. ಎರಡೂ ಸೇರಿ ಸುಮಾರು 250 ಕೆ.ಜಿ.

ಊರಿನ ಗ್ಯಾರೇಜುಗಳಲ್ಲಿ "ಎಂಜಿನ್ ಇಳಿಸಬೇಕು" ಅಂತಾರಲ್ವಾ? ಲಾರಿಯಲ್ಲಿ ನಿಜವಾಗಿ ಮಾಡುವುದು ಚೈನ್ ಬ್ಲಾಕಿನಿಂದ ಮೇಲಕ್ಕೆತ್ತುವುದು, ಮಾತಿಗೆ ಮಾತ್ರ ಇಳಿಸುವುದು. ಈ ಕಾರಿನಲ್ಲಿ ಆ ಮಾತು ಅಕ್ಷರಶಃ ನಿಜ. ಎಂಜಿನ್ ಅಡಿಯಲ್ಲೊಂದು ಜಾಕಿ ಕೊಟ್ಟು, ಬೋಲ್ಟ್ ಬಿಚ್ಚಿ, ಕೆಳಗೆ ಇಳಿಸಿ, ಹಿಂದಿನ ಬಂಪರಿನ ಅಡಿಯಿಂದ ಹೊರಗೆ ಎಳೆದುಕೊಳ್ಳಬೇಕು. ಹೊರಗೆ ಬರಬೇಕಾದರೆ ಎತ್ತರ ಬೇಕು. ನನಗೆ ಬಂಪರಿನ ಕೆಳಗೆ ಸುಮಾರು 80 ಸೆಂ.ಮೀ. ಜಾಗ ಬೇಕಾಯಿತು. ಅಂದರೆ ಕಾರಿನ ಹಿಂಭಾಗ ಸೊಂಟದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅದರ ಅಡಿಯಲ್ಲಿ ಎರಡು ದಿನ ಮಲಗಿ ಕೆಲಸ ಮಾಡಬೇಕು. ಬರೀ ಜಾಕಿ ನಂಬಿ ಈ ಕೆಲಸ ಆಗುತ್ತದೆಯೇ?

ಎತ್ತುವ ಮೊದಲೇ ಒಂದು ವಿಷಯ. ಹ್ಯಾಂಡ್‌ಬ್ರೇಕ್ ಹಾಕಿದ್ದೇನೆ, ಗೇರಿನಲ್ಲಿ ನಿಲ್ಲಿಸಿದ್ದೇನೆ ಅಂತ ತುಂಬಾ ಜನ ಧೈರ್ಯವಾಗಿರುತ್ತಾರೆ. ಈ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು. ಗೇರೂ ಅದನ್ನೇ. ಹಿಂದಿನ ಚಕ್ರ ನೆಲ ಬಿಟ್ಟ ಕ್ಷಣ ಎರಡೂ ಇದ್ದು ಇಲ್ಲದ ಹಾಗೆ. ಕಾರು ಆಗ ಮುಂದಿನ ಎರಡು ಚಕ್ರದ ಮೇಲೆ ಉರುಳಲು ಸಿದ್ಧವಾಗಿ ನಿಂತಿರುತ್ತದೆ. ಆದ್ದರಿಂದ ಮುಂದಿನ ಎರಡೂ ಚಕ್ರಕ್ಕೆ, ಹಿಂದೂ ಮುಂದೂ, ಮರದ ಕಟ್ಟೆ ಕೊಡಲೇಬೇಕು. ಊರಲ್ಲಿ ಲಾರಿ ಕ್ಲೀನರ್‌ಗಳು ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ಆ ಬುದ್ಧಿ ಇಲ್ಲೂ ಬೇಕು.

ಟ್ರಾಲಿ ಜಾಕಿ ಯಾಕೆ ಜಾರುತ್ತದೆ ಎನ್ನುವುದನ್ನು ಆ ಹುಡುಗನಿಗೆ ಯಾರೂ ಹೇಳಿರಲಿಕ್ಕಿಲ್ಲ. ಜಾಕಿಯ ತೋಳು ನೆಟ್ಟಗೆ ಮೇಲೆ ಹೋಗುವುದಿಲ್ಲ, ಬಿಲ್ಲಿನ ಹಾಗೆ ಬಾಗಿಕೊಂಡು ಏಳುತ್ತದೆ. ತೋಳು ಎದ್ದ ಹಾಗೆ ಜಾಕಿ ತನ್ನ ಚಿಕ್ಕ ಚಕ್ರಗಳ ಮೇಲೆ ಸ್ವಲ್ಪ ಸ್ವಲ್ಪ ಮುಂದೆ ಸರಿಯಬೇಕು. ನೆಲದಲ್ಲಿ ಒಂದು ಕಲ್ಲಿನ ಹರಳು ಅಡ್ಡ ಬಂದರೂ ಸಾಕು, ಜಾಕಿ ಸರಿಯುವುದಿಲ್ಲ. ಆಗ ಸರಿಯುವುದು ಮೇಲಿನ ಬಟ್ಟಲು. ಕಾರಿನ ತಗಡಿನ ಮೇಲೆ ಒಂದೊಂದೇ ಮಿಲಿಮೀಟರ್ ಜಾರುತ್ತಾ ಬಂದು ಕೊನೆಗೆ ಒಮ್ಮೆಲೇ ತಪ್ಪುತ್ತದೆ. ಇನ್ನೊಂದು, ಒಳಗಿನ ರಬ್ಬರ್ ಸೀಲು. ಭಾರವನ್ನು ತಡೆದಿರುವುದು ಎಣ್ಣೆಯ ಒತ್ತಡ, ಆ ಎಣ್ಣೆಯನ್ನು ತಡೆದಿರುವುದು ಉಂಗುರದಷ್ಟು ದೊಡ್ಡ ಒಂದು ಸೀಲು. ಅದು ಹಳೆಯದಾಗಿದ್ದರೆ ಜಾಕಿ ಮೆಲ್ಲಗೆ ಕೂರುತ್ತದೆ. ಕೆಲವೊಮ್ಮೆ ಮೆಲ್ಲಗೆ ಅಲ್ಲ.

ನಾನು ಎಂಜಿನ್ ಅಡಿಗೆ ಮರದ ಹಲಗೆ ಕೊಟ್ಟು ನಡುಮಧ್ಯೆ ಎತ್ತಿದೆ. ಹಿಂದಿನ ಚಕ್ರದ ಮುಂದೆ ಟಾರ್ಷನ್ ಬಾರ್ (ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಕೊಳವೆಯ ಎರಡು ತುದಿ ಇವೆ, ಕಾರಿನಲ್ಲಿ ಅದಕ್ಕಿಂತ ಗಟ್ಟಿ ಜಾಗ ಕಡಿಮೆ. ಅಲ್ಲಿ ಎರಡು ಸ್ಟ್ಯಾಂಡ್ ಇಟ್ಟೆ. ಒಂದೇ ಸಲಕ್ಕೆ ಪೂರ್ತಿ ಎತ್ತಲಿಲ್ಲ. ಸ್ವಲ್ಪ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಮತ್ತೆ ಎತ್ತಿ, ಸ್ಟ್ಯಾಂಡ್ ಏರಿಸಿದೆ. ಆಮೇಲೆ ಫೆಂಡರ್ ಹಿಡಿದು ಜೋರಾಗಿ ಅಲ್ಲಾಡಿಸಿದೆ. ಬೀಳುವುದಿದ್ದರೆ ನಾನು ಹೊರಗಿರುವಾಗಲೇ ಬೀಳಲಿ ಅಂತ. ಬಿಚ್ಚಿದ ಎರಡು ಚಕ್ರಗಳನ್ನೂ ಕಾರಿನಡಿಗೆ ತಳ್ಳಿಟ್ಟೆ.

ಸ್ಟ್ಯಾಂಡನ್ನೂ ಕಣ್ಣುಮುಚ್ಚಿ ನಂಬಬಾರದು. 2020ರಲ್ಲಿ ಅಮೆರಿಕದಲ್ಲಿ ಮಾರಿದ್ದ ಲಕ್ಷಗಟ್ಟಲೆ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿಕೊಂಡರು. ಒಳಗಿನ ಹಲ್ಲು ಸರಿಯಾಗಿ ಕಚ್ಚದೆ ಭಾರ ಬಿದ್ದಾಗ ಜಾರುವ ದೋಷ ಇತ್ತು. ಆವತ್ತಿನಿಂದ ನಾನು ಅಡ್ಡಕ್ಕೆ ದಪ್ಪ ಪಿನ್ ತೂರಿಸುವ ಸ್ಟ್ಯಾಂಡ್ ಮಾತ್ರ ಬಳಸುತ್ತೇನೆ. ಪಿನ್ ಕಣ್ಣಿಗೆ ಕಾಣುತ್ತದೆ. ಕೂತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಬಿಚ್ಚುವ ಕೆಲಸ ನಿಧಾನದ್ದು, ಕಷ್ಟದ್ದಲ್ಲ. ಮುಂದಿನ ಡಿಕ್ಕಿಯಲ್ಲಿರುವ ಬ್ಯಾಟರಿಯ ತಂತಿ ಮೊದಲು ತೆಗೆಯಬೇಕು, ಯಾಕೆಂದರೆ ಸ್ಟಾರ್ಟರಿಗೆ ಹೋಗುವ ದಪ್ಪ ತಂತಿಯಲ್ಲಿ ಯಾವಾಗಲೂ ಕರೆಂಟು ಇರುತ್ತದೆ. ಆಯಿಲ್ ಎರಡು ಕಡೆ ಸುರಿಸಬೇಕು, ಎಂಜಿನ್ನಿನಿಂದ ಒಮ್ಮೆ, ಪಕ್ಕದ ಟ್ಯಾಂಕಿನಿಂದ ಒಮ್ಮೆ. ಮಾರುತಿಯಲ್ಲಿ ಮೂರ್ನಾಲ್ಕು ಲೀಟರ್ ನೋಡಿ ಅಭ್ಯಾಸ ಇದ್ದವರು ಹುಷಾರು, ಇದರಲ್ಲಿ ಒಟ್ಟು 13 ಲೀಟರ್ ಹಿಡಿಯುತ್ತದೆ. ಸಣ್ಣ ಟ್ರೇ ಇಟ್ಟರೆ ಗ್ಯಾರೇಜೆಲ್ಲ ಹೊಳೆ.

ಪೆಟ್ರೋಲಿನ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಈ ಕಾರಿನಲ್ಲಿ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಬಾಷ್ ಕಂಪನಿಯ ಫ್ಯುಯೆಲ್ ಇಂಜೆಕ್ಷನ್ ವ್ಯವಸ್ಥೆ, ಎಂಜಿನ್ ನಿಂತ ಮೇಲೂ ಪೈಪಿನಲ್ಲಿ ಒತ್ತಡ ಹಿಡಿದಿಟ್ಟಿರುತ್ತದೆ. ನಟ್ಟು ಸಡಿಲಿಸಿದರೆ ಪಿಚಕಾರಿ ಹಾರಿದ ಹಾಗೆ ಹಾರುತ್ತದೆ. ದಪ್ಪ ಬಟ್ಟೆ ಸುತ್ತಿ, ಕಾಲು ಸುತ್ತು ಮಾತ್ರ ಬಿಟ್ಟು ಕಾಯಬೇಕು. ಅಮೆರಿಕದ ಎಷ್ಟೋ ಮನೆಗಳಲ್ಲಿ ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ಗ್ಯಾರೇಜಿನಲ್ಲೇ ಇರುತ್ತದೆ. ಅದರ ಅಡಿಯಲ್ಲಿ ಹಗಲೂ ರಾತ್ರಿ ಒಂದು ಸಣ್ಣ ನೀಲಿ ದೀಪ ಉರಿಯುತ್ತಿರುತ್ತದೆ. ನಮ್ಮ ಮನೆಯಲ್ಲೂ ಇತ್ತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದಾಡುತ್ತದೆ. ಆ ಎರಡು ದಿನ ಗ್ಯಾಸ್ ಬಂದ್ ಮಾಡಿ, ಗ್ಯಾರೇಜ್ ಬಾಗಿಲು ತೆರೆದಿಟ್ಟು, ಮಳೆಯ ಎರಚಲಿನಲ್ಲೇ ಕೆಲಸ ಮಾಡಿದೆ. ಮನೆಯವರೆಲ್ಲ ಒಲೆಯ ಮೇಲೆ ನೀರು ಕಾಯಿಸಿಕೊಂಡು ಸ್ನಾನ ಮಾಡಿದರು. ಒಲೆ ಕರೆಂಟಿನದು.

ಮಗಳಿಗೆ ಆಗ ಹದಿನೈದು ವರ್ಷ. ಇಲ್ಲಿನ ಕನ್ನಡ ಶಾಲೆಗೆ ಭಾನುವಾರ ಹೋಗುತ್ತಿದ್ದಳು. ಬಿಚ್ಚಿದ ಪ್ರತಿ ತಂತಿಗೂ ಪೈಪಿಗೂ ಬಿಳಿ ಟೇಪ್ ಅಂಟಿಸಿ ಹೆಸರು ಬರೆಯುವ ಕೆಲಸ ಅವಳಿಗೆ ಕೊಟ್ಟೆ. ಕನ್ನಡದಲ್ಲೇ ಬರೆದಳು. "ಪೆಟ್ರೋಲ್ ಬರುವುದು", "ಪೆಟ್ರೋಲ್ ಹೋಗುವುದು", "ಕ್ಲಚ್ ಕೇಬಲ್", "ರಿವರ್ಸ್ ಲೈಟ್". "ಬಿಸಿ ಗಾಳಿ, ಎಡ" ಎಂದು ಬರೆಯುವಾಗ ಡ ಹೇಗೆ ಅಂತ ಕೇಳಿದಳು. ಎಣ್ಣೆಗೈಯಲ್ಲೇ ನೆಲದ ಮೇಲೆ ಬರೆದು ತೋರಿಸಿದೆ. ಸಿಮೆಂಟು ಎಣ್ಣೆ ಹೀರಿಕೊಂಡಿತು. ಆ ಡ ಈಗಲೂ ಅಲ್ಲೇ ಇದೆ.

ಶನಿವಾರ ಮಧ್ಯಾಹ್ನ ಇಳಿಸಲು ಶುರು ಮಾಡಿದೆವು. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದ ಹತ್ತಿರ ಭಾರ ಸಮ ಆಗುತ್ತದೆ. ಅಲ್ಲಿ ಬೈಕ್ ಎತ್ತುವ ಅಗಲ ಜಾಕಿ ಕೊಟ್ಟೆ. ಇಲ್ಲಿ ಜಾಸ್ತಿ ಎತ್ತಬಾರದು. ಎತ್ತಿದರೆ ಎಂಜಿನ್ ಜೊತೆ ಕಾರೂ ಎದ್ದು ಸ್ಟ್ಯಾಂಡಿನಿಂದ ಬಿಡುತ್ತದೆ. ಬೋಲ್ಟಿನ ಮೇಲಿನ ಭಾರ ಕಳೆಯುವಷ್ಟು ಸಾಕು. ಗೇರ್‌ಬಾಕ್ಸಿನ ಎರಡು ಬೋಲ್ಟ್, ಹಿಂದೆ ಎಂಜಿನ್ನಿನ ಎರಡು ಬೋಲ್ಟ್ ತೆಗೆದೆ. ಜಾಕಿಯ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ. 39 ವರ್ಷ ಹಳೆಯ ಕಾರಿನಿಂದ ಎಂಜಿನ್ ಮೆಲ್ಲಗೆ ಬೇರೆಯಾಯಿತು. ಒಂದು ಇಂಚು. ಎರಡು. ಮೂರು.

ಮಗಳು ಟಾರ್ಚ್ ಹಿಡಿದು ಮೇಲಿನಿಂದ ಎಂಜಿನ್ ಗೂಡಿನೊಳಗೆ ನೋಡುತ್ತಿದ್ದಳು. "ಅಪ್ಪಾ ನಿಲ್ಸಿ, ಫ್ಯಾನ್ ಓರೆ ಆಗ್ತಿದೆ" ಎಂದು ಕೂಗಿದಳು. ಹಿಡಿ ಬಿಗಿ ಮಾಡಿದೆ. ಹಿಂಭಾಗ ಇಳಿದಿತ್ತು, ಗೇರ್‌ಬಾಕ್ಸಿನ ಮೂತಿ ಮಾತ್ರ ಎಲ್ಲೋ ಸಿಕ್ಕಿಕೊಂಡಿತ್ತು. ಏನು ಸಿಕ್ಕಿದೆ ಅಂತ ತಡವಿ ನೋಡಲು ನನ್ನ ಬಲಗೈ ಗೇರ್‌ಬಾಕ್ಸಿಗೂ ಕಾರಿನ ತಳಕ್ಕೂ ನಡುವೆ ಆಗಲೇ ಹೋಗಿಬಿಟ್ಟಿತ್ತು. ಯೋಚನೆ ಮಾಡಿ ಹಾಕಿದ್ದಲ್ಲ. ಕೈ ತಾನಾಗಿ ಹೋಗಿತ್ತು. ಆಗ ನೆನಪಾಯಿತು. ಕಾರು ಸ್ಟ್ಯಾಂಡಿನ ಮೇಲಿದೆ, ನಿಜ. ಆದರೆ ಎಂಜಿನ್? ಅದು ಇರುವುದು ಬರೀ ಜಾಕಿಯ ಮೇಲೆ. 250 ಕೆ.ಜಿ., ಅದೂ ಓರೆಯಾಗಿ. ನಲವತ್ತು ವರ್ಷ ಮಾವನ ಮಾತು ಹೇಳಿಕೊಂಡು ಬಂದವನು ಅದನ್ನು ಕಾರಿಗೆ ಮಾತ್ರ ಅನ್ವಯಿಸಿದ್ದೆ.

ಕೈ ಹೊರಗೆ ತೆಗೆದೆ. ಜಾಕಿಯನ್ನು ಮತ್ತೆ ಎತ್ತಿ ಮಟ್ಟ ಮಾಡಿದೆ. ಮನೆಯ ಹಿಂದೆ ಬಿದ್ದಿದ್ದ ನಾಲ್ಕಿಂಚಿನ ಮರದ ತೊಲೆಗಳನ್ನು ತಂದು, ಎರಡು ಉದ್ದ ಎರಡು ಅಡ್ಡ, ಮತ್ತೆ ಎರಡು ಉದ್ದ ಎರಡು ಅಡ್ಡ ಪೇರಿಸಿ ಎಂಜಿನ್ ಅಡಿಗೊಂದು, ಗೇರ್‌ಬಾಕ್ಸ್ ಅಡಿಗೊಂದು ಕಟ್ಟೆ ಮಾಡಿದೆ. ಆಮೇಲೆ ಟಾರ್ಚ್ ಹಿಡಿದು ನೋಡಿದರೆ ಅರ್ತಿಂಗ್ ಪಟ್ಟಿ. ಗೇರ್‌ಬಾಕ್ಸಿನ ಮೂತಿಯಿಂದ ಕಾರಿನ ತಳಕ್ಕೆ ಹೋಗುವ, ತಂತಿ ಹೆಣೆದ ಚಪ್ಪಟೆ ಪಟ್ಟಿ. ಗ್ರೀಸು, ಧೂಳು ಮೆತ್ತಿ ಕಾರಿನ ತಗಡಿನದೇ ಬಣ್ಣ ಆಗಿತ್ತು. ಅದಕ್ಕೆ ಟೇಪ್ ಅಂಟಿಸಿರಲಿಲ್ಲ, ಯಾಕೆಂದರೆ ನಾನು ನೋಡಿರಲೇ ಇಲ್ಲ. ಒಂದೇ ಒಂದು ಬೋಲ್ಟ್. ಬಿಚ್ಚಲು ಒಂದು ನಿಮಿಷ ಸಾಕಾಯಿತು.

ಆಮೇಲೆ ತೊಲೆಗಳನ್ನು ಒಂದೊಂದು ಸಾಲು ತೆಗೆಯುತ್ತಾ ಇಳಿಸಿದೆವು. ಜಾಕಿ ಕೈಕೊಟ್ಟರೂ ಎಂಜಿನ್ ನಾಲ್ಕು ಇಂಚಿಗಿಂತ ಜಾಸ್ತಿ ಬೀಳುವ ಹಾಗಿರಲಿಲ್ಲ. ಎರಡು ಗಂಟೆ ಹಿಡಿಯಿತು. ಕತ್ತಲಾಗುವ ಹೊತ್ತಿಗೆ ಎಂಜಿನ್ ಹೊರಗೆ ಬಂದಿತ್ತು. ಗೇರ್‌ಬಾಕ್ಸ್ ಬಿಡಿಸಿದಾಗ ಒಳಗಿನಿಂದ ಕಪ್ಪು ರಬ್ಬರ್ ಚೂರು ಸುರಿಯಿತು, ಹುರಿದು ಸೀದುಹೋದ ಕಡಲೆಯ ಹಾಗೆ. ಒಂದು ಹಿಡಿಯಷ್ಟಿತ್ತು. ಈಗ ಸ್ಪ್ರಿಂಗ್ ಇರುವ ಕ್ಲಚ್ ಪ್ಲೇಟ್ ಹಾಕಿದ್ದೇನೆ. ಮೂರು ವಾರದಲ್ಲಿ ಕಾರು ರಸ್ತೆಗೆ ಬಂತು.

ಇಷ್ಟು ಉದ್ದ ಬರೆದದ್ದಕ್ಕೆ ಕ್ಷಮೆ ಇರಲಿ. ನಮ್ಮಲ್ಲೂ ಹಳೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಇಟ್ಟುಕೊಂಡವರಿದ್ದಾರೆ. ಅದರ ಎಂಜಿನ್ನೂ ಹಿಂದೆಯೇ, ಗಾಳಿಯದೇ, ಕೆಳಗೇ ಇಳಿಯುವುದು. ಲೇಖನ ಓದಿದ ಎಷ್ಟೋ ಹುಡುಗರು ಮುಂದಿನ ಭಾನುವಾರ ಸ್ಪ್ಯಾನರ್ ಹಿಡಿಯುತ್ತಾರೆ, ಹಿಡಿಯಲಿ. ಆದರೆ ಅವರ ಕಣ್ಣಿನಲ್ಲಿ ಉಳಿಯುವುದು ಆ ಫೋಟೊ. ದೊಡ್ಡ ಪತ್ರಿಕೆಯಲ್ಲಿ ಬಂದಿದೆ ಅಂದರೆ ಹಾಗೇ ಮಾಡುವುದು ಸರಿ ಅಂದುಕೊಳ್ಳುತ್ತಾರೆ.

ಊರಿನ ಪರಿಸ್ಥಿತಿಗೆ ತಕ್ಕ ಮಾತೂ ಹೇಳಬೇಕು. ಬೆಂಗಳೂರಿನ ಎಷ್ಟೋ ಮನೆಗಳ ಮುಂದೆ ಕಾರು ನಿಲ್ಲಿಸುವುದು ಇಳಿಜಾರಿನ ಮೇಲೆ. ಅಲ್ಲಿ ಎತ್ತಲೇಬಾರದು, ಸಮನೆಲ ಹುಡುಕಬೇಕು. ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಕಾಲು ಹೂತುಕೊಳ್ಳುತ್ತದೆ, ಅಡಿಗೆ ದಪ್ಪ ಹಲಗೆ ಬೇಕು. ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ. ಅವು ಮುನ್ಸೂಚನೆ ಕೊಡದೆ ಫಟ್ ಅಂತ ಒಡೆಯುತ್ತವೆ. ಸೈಜುಗಲ್ಲು ಗಟ್ಟಿ ಅಂತ ಇಡುತ್ತಾರೆ, ಅದರ ಮೇಲೆ ಕಬ್ಬಿಣ ಜಾರುತ್ತದೆ. ಕಾರು ಎತ್ತಿರುವಾಗ ಯಾರೂ ಒಳಗೆ ಕೂರಬಾರದು, ಬಾಗಿಲು ಕೂಡ ತೆಗೆಯಬಾರದು. ಮನೆಯಲ್ಲಿ ಒಬ್ಬರಾದರೂ ಹೊರಗೆ ನಿಂತು ನೋಡುತ್ತಿರಬೇಕು. ನನಗೆ ಮಗಳು ಇದ್ದಳು.

ನನ್ನ ಕೋರಿಕೆ ಇಷ್ಟೇ. ಅದೇ ಪುರವಣಿಯಲ್ಲಿ, ಅದೇ ಜಾಗದಲ್ಲಿ, ಸ್ಟ್ಯಾಂಡ್ ಇಟ್ಟು ಕೆಲಸ ಮಾಡುತ್ತಿರುವ ಒಂದು ಫೋಟೊ ಹಾಕಿ. ಸಾಧ್ಯವಾದರೆ ಅದೇ ಹುಡುಗನದೇ ಇರಲಿ. ನಿಮ್ಮ ವರದಿಗಾರರ ಹತ್ತಿರ ಅವನ ನಂಬರ್ ಇರುತ್ತದಲ್ವಾ, ಪತ್ರಿಕೆ ಅಚ್ಚಾಗುವವರೆಗೆ ಕಾಯದೆ ಇವತ್ತೇ ಒಂದು ಫೋನ್ ಮಾಡಿಸಿ. ಸ್ಟ್ಯಾಂಡ್ ಕೊಳ್ಳಲು ದುಡ್ಡಿನ ತೊಂದರೆ ಇದ್ದರೆ ನನಗೆ ತಿಳಿಸಿ, ಒಂದು ಜೊತೆ ನಾನು ಕೊಡಿಸುತ್ತೇನೆ.

ಇತಿ,
ನಿಮ್ಮ ಹಳೆಯ ಓದುಗ
(ಹರಿಹರದವನು) ಕೆಂಟ್, ವಾಷಿಂಗ್ಟನ್ ರಾಜ್ಯ, ಅಮೆರಿಕ